ಹೊಸ ಊರಿಗೆ ಮನೆ ಮಾಡುವ ಮುಂಚೆ: ಅದು ತುಂಬುತ್ತದೋ ಇಲ್ಲವೋ ತಿಳಿಯೋದು ಹೇಗೆ

ಸೈಟು ಮಾರಾಟವಾಗುವುದು ಬೇರೆ, ಊರು ತುಂಬುವುದು ಬೇರೆ. ಬ್ಯಾಂಕಿನಲ್ಲಿ ಮನೆ ಸಾಲದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಮೊದಲು ಬಾಗಲಕೋಟೆಯಲ್ಲಿ, ಆಮೇಲೆ ಬೆಂಗಳೂರಿನ ಪಶ್ಚಿಮದ ಕಡೆ. ಸಾಲ ಕೊಡುವ ಮುಂಚೆ ಜಾಗ ನೋಡಿ ಬರುವುದು ನನ್ನ ಪಾಲಿನ ಕೆಲಸ. ಎಷ್ಟೋ ಕಡೆ ಒಂದು ಸೈಟೂ ಉಳಿಯದ ಹಾಗೆ ಮಾರಾಟವಾಗಿರುತ್ತಿತ್ತು. ರಸ್ತೆ, ಚರಂಡಿ, ದೀಪದ ಕಂಬ, ಪಾರ್ಕಿನ ಬೋರ್ಡು ಎಲ್ಲ ಇರುತ್ತಿತ್ತು. ಹತ್ತು ವರ್ಷ ಬಿಟ್ಟು ಹೋದರೂ ಮನೆಗಳು ಮಾತ್ರ ಅಲ್ಲೊಂದು ಇಲ್ಲೊಂದು.

ಈಗಲೂ ನೆಂಟರು, ಹಳೇ ಗ್ರಾಹಕರು ಫೋನ್ ಮಾಡಿ ಕೇಳುತ್ತಾರೆ: "ಹೊಸ ಟೌನ್‌ಶಿಪ್ ಅಂತೆ, ತುಂಬಾ ಚೆನ್ನಾಗಿ ಪ್ಲಾನ್ ಮಾಡಿದ್ದಾರಂತೆ, ತಗೊಳ್ಳಲಾ?" ಅವರೆಲ್ಲರಿಗೂ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಕಾಗದಪತ್ರ ನೋಡುವುದು ಹೇಗೆ ಅನ್ನುವುದು ಇದರಲ್ಲಿ ಇಲ್ಲ. ಅದನ್ನು ಒಳ್ಳೇ ವಕೀಲರ ಹತ್ತಿರ ಮಾಡಿಸಿ. ಇದು ಬೇರೆ ಪ್ರಶ್ನೆಗೆ: ನೀವು ಅಲ್ಲಿ ಹೋಗಿ ಬಾಳಿದರೆ ಅಕ್ಕಪಕ್ಕದಲ್ಲಿ ಯಾರಾದರೂ ಇರುತ್ತಾರಾ?

ಮೊದಲ ಪ್ರಶ್ನೆ: ಅಲ್ಲೇ ಇರಬೇಕಾದವರು ಯಾರು?

ಬ್ರೋಷರ್ ಪಕ್ಕಕ್ಕಿಡಿ. ಒಂದು ಹಾಳೆ ತಗೊಂಡು ಬರೆಯಿರಿ: ಬೆಳಗ್ಗೆ ಎದ್ದು ಅಲ್ಲೇ ಕೆಲಸಕ್ಕೆ ಹೋಗಬೇಕಾದವರು ಯಾರು ಯಾರು? "ಮುಂದೆ ಐಟಿ ಪಾರ್ಕ್ ಬರುತ್ತದೆ" ಅಂತ ಬರೆಯಬೇಡಿ. ಇವತ್ತು ಇರುವ ಕೆಲಸ ಬರೆಯಿರಿ. ಕಾರ್ಖಾನೆ, ಕಾಲೇಜು, ಆಸ್ಪತ್ರೆ, ಕೋರ್ಟು, ಸಗಟು ಮಾರುಕಟ್ಟೆ, ಹೀಗೆ.

ನಮ್ಮ ರಾಜ್ಯದಲ್ಲೇ ಇದಕ್ಕೆ ಬೇಕಾದಷ್ಟು ಉದಾಹರಣೆ ಇದೆ. ಬೆಂಗಳೂರಿನ ಸರ್ಕಾರಿ ಕಾರ್ಖಾನೆಗಳಾದ ಐಟಿಐ, ಎಚ್‌ಎಂಟಿ, ಬಿಇಎಲ್ ಟೌನ್‌ಶಿಪ್‌ಗಳಿಗೆ ಜನರನ್ನು ಯಾರೂ ಕರೆಯಬೇಕಾಗಲಿಲ್ಲ. ಕಾರ್ಖಾನೆ ಮೊದಲು, ಅದರ ಪಕ್ಕ ಕ್ವಾರ್ಟರ್ಸ್. ಸೈರನ್ ಕೂಗುವಷ್ಟರಲ್ಲಿ ಗೇಟಿನ ಹತ್ತಿರ ಇರಬೇಕಾದವರು ತಾವೇ ಬಂದು ನೆಲೆಸಿದರು. ಐಟಿಐಯವರು ಟೆಲಿಫೋನ್ ಮಾಡುತ್ತಿದ್ದ ದೂರವಾಣಿನಗರದ ಹೆಸರಲ್ಲೇ ಅದರ ಕೆಲಸ ಇದೆ.

ಕೆಲಸ ಹೋದರೆ ಏನಾಗುತ್ತದೆ ಅಂತ ನೋಡಬೇಕಾದರೆ ಕುದುರೆಮುಖ ನೋಡಿ. ಕಬ್ಬಿಣದ ಅದಿರಿನ ಗಣಿಗಾಗಿ ಕಾಡಿನ ನಡುವೆ ಕಟ್ಟಿದ ಅಚ್ಚುಕಟ್ಟಾದ ಊರು. ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಇತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಅದರಿಂದ ಒಳ್ಳೇದೇ ಆಯಿತು. ಆದರೆ ಊರು ಸ್ವಲ್ಪ ವರ್ಷದಲ್ಲೇ ಖಾಲಿಯಾಯಿತು. ಮನೆಗಳು ಗಟ್ಟಿಯಾಗಿದ್ದವು, ರಸ್ತೆಯೂ ಇತ್ತು. ಅಲ್ಲಿರಬೇಕಾದ ಕಾರಣ ಹೋಗಿತ್ತು.

ಅದರ ಪಕ್ಕಕ್ಕೆ ಕೆಜಿಎಫ್ ಇಟ್ಟು ನೋಡಿ. ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಕುದುರೆಮುಖದ ಹಾಗೇ ಇದೂ ಖಾಲಿಯಾಗಬೇಕಿತ್ತು ಅಲ್ವಾ? ಆಗಲಿಲ್ಲ. ಮಾರಿಕುಪ್ಪಂನಿಂದ ಬೆಂಗಳೂರಿಗೆ ರೈಲು ಇತ್ತು. ಬೆಳಗಿನ ರೈಲು ಹತ್ತಿ ಬೆಂಗಳೂರಲ್ಲಿ ಕೆಲಸ ಮಾಡಿ ರಾತ್ರಿ ಮನೆಗೆ ಬರುವವರು ಸಾವಿರಾರು. ಬಹಳ ಕಷ್ಟದ ಬದುಕು ಅದು, ನಿದ್ದೆ ರೈಲಿನಲ್ಲೇ. ಆದರೂ ಊರು ಉಳಿಯಿತು. ಹಾಗಾಗಿ ನಿಮ್ಮ ಹಾಳೆಯಲ್ಲಿ ಕೆಲಸದ ಕಾಲಂ ಖಾಲಿ ಇದ್ದರೆ, ಪಕ್ಕದಲ್ಲಿ ರೈಲಿನ ಅಥವಾ ಮೆಟ್ರೋದ ಕಾಲಂ ತುಂಬಿರಲೇಬೇಕು. ಎರಡೂ ಖಾಲಿ ಇದ್ದರೆ ಆ ಜಾಗ ಹಣ ಹೂಡಲು ಇರಬಹುದು, ಬಾಳಲು ಅಲ್ಲ.

ನವಿ ಮುಂಬೈ ತುಂಬಲು ಯಾಕೆ ಅಷ್ಟು ಕಾಲ ಹಿಡಿಯಿತು

ಯೋಜಿಸಿ ಕಟ್ಟಿದ ಊರಿನ ವಿಷಯದಲ್ಲಿ ಭಾರತದಲ್ಲಿ ಕಲಿಯಲು ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ವಾಸ್ತುಶಿಲ್ಪಿಗಳಾದ ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಎಂಜಿನಿಯರ್ ಶಿರೀಷ್ ಪಟೇಲ್ ಮೂವರೂ 1960ರ ದಶಕದಲ್ಲಿ ಹೇಳಿದ್ದು ಸರಳವಾದ ಮಾತು: ಮುಂಬೈ ಉತ್ತರಕ್ಕೆ ಉದ್ದುದ್ದ ಬೆಳೆಯುತ್ತಿದೆ, ಒಳಕ್ಕೆ ಚಾಚಿದ ಸಮುದ್ರದ (ಖಾರಿ) ಆಚೆ ಪೂರ್ವಕ್ಕೆ ಒಂದು ಹೊಸ ಊರು ಕಟ್ಟೋಣ, ಕಚೇರಿಗಳನ್ನು ಅಲ್ಲಿಗೆ ಒಯ್ಯೋಣ. 1970ರಲ್ಲಿ ಅದನ್ನು ಕಟ್ಟಲು ಸಿಡ್ಕೋ ಅನ್ನುವ ಸರ್ಕಾರಿ ಸಂಸ್ಥೆ ಹುಟ್ಟಿತು. 344 ಚದರ ಕಿಲೋಮೀಟರ್ ಜಾಗ ಗುರುತಾಯಿತು.

ಆದರೆ ಅದೇ ಹೊತ್ತಿಗೆ ದಕ್ಷಿಣ ಮುಂಬೈನಲ್ಲಿ ಸಮುದ್ರ ತುಂಬಿ ನರಿಮನ್ ಪಾಯಿಂಟ್ ಕಟ್ಟುವುದು ನಡೆದೇ ಇತ್ತು. ಸರ್ಕಾರದ ಒಂದು ಕೈ ಕಚೇರಿಗಳನ್ನು ಹೊರಗೆ ಕಳಿಸಲು ನೋಡುತ್ತಿತ್ತು, ಇನ್ನೊಂದು ಕೈ ಒಳಗೇ ಹೊಸ ಜಾಗ ಮಾಡಿಕೊಡುತ್ತಿತ್ತು. ಮಂತ್ರಾಲಯ, ಅಂದರೆ ಮಹಾರಾಷ್ಟ್ರದ ಸಚಿವಾಲಯ, ಆಚೆಗೆ ಹೋಗಲೇ ಇಲ್ಲ. ಮಂತ್ರಾಲಯ ಹೋಗದಿದ್ದರೆ ಅದರ ಹಿಂದೆ ಓಡಾಡುವ ಕಂಪನಿ, ವಕೀಲರು, ಗುತ್ತಿಗೆದಾರರು ಯಾಕೆ ಹೋಗುತ್ತಾರೆ?

ನವಿ ಮುಂಬೈನ ವಾಶಿಗೆ ಸೇತುವೆ ಬಂತು, ಬಸ್ಸು ಬಂತು. ಆದರೆ ಮುಂಬೈ ಜನ ಬದುಕುವುದು ಲೋಕಲ್ ರೈಲಿನ ಮೇಲೆ. ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಶುರುವಾಗಿದ್ದು 1992ರ ಮೇ ತಿಂಗಳಲ್ಲಿ. ಊರು ಕಟ್ಟಲು ಶುರು ಮಾಡಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಆದ ಮೇಲೆ! ಆ ರೈಲಿಗೆ ಮೂರರಲ್ಲಿ ಎರಡು ಪಾಲು ಹಣ ಸಿಡ್ಕೋ ತಾನೇ ಹಾಕಬೇಕಾಯಿತು. ರೈಲು ಬಂದ ಮೇಲೆ ನವಿ ಮುಂಬೈ ಕಥೆಯೇ ಬದಲಾಯಿತು. ನಡುವೆ ಇನ್ನೊಂದು ಮುಖ್ಯ ಕೆಲಸ ಆಗಿತ್ತು: ಮುಂಬೈನ ಸಗಟು ಮಾರುಕಟ್ಟೆಗಳು ಒಂದೊಂದಾಗಿ ವಾಶಿ–ತುರ್ಭೆ ಕಡೆಗೆ ಬಂದವು. ಈರುಳ್ಳಿ, ಆಲೂಗಡ್ಡೆ, ತರಕಾರಿ, ಹಣ್ಣು. ಮಾರುಕಟ್ಟೆ ಜೊತೆ ಹಮಾಲರು, ಲಾರಿಯವರು, ಗುಮಾಸ್ತರು ಬಂದರು. ಅವರಿಗೆಲ್ಲ ಊಟ ತಿಂಡಿ ಬೇಕು, ಹೋಟೆಲ್ ಬಂದವು. ನಮ್ಮ ಕರಾವಳಿ ಕಡೆಯವರೂ ಹೋಟೆಲ್ ಇಟ್ಟುಕೊಂಡು ನೆಲೆನಿಂತರು.

ಇದರಿಂದ ನೀವು ತಗೊಳ್ಳಬೇಕಾದ್ದು ಎರಡು. ಒಂದು, ಹೊಸ ಊರಿನ ಬಗ್ಗೆ ಕೇಳುವಾಗ ಹಳೇ ಊರಿನಲ್ಲಿ ಏನು ಕಟ್ಟುತ್ತಿದ್ದಾರೆ ಅಂತಲೂ ಕೇಳಿ. ಅಲ್ಲಿಗೆ ಹೋಗಬೇಕಾದ ಕಚೇರಿಗೆ ಇಲ್ಲೇ ಹೊಸ ಕಟ್ಟಡ ಏಳುತ್ತಿದ್ದರೆ ಹೊಸ ಊರಿಗೆ ಇನ್ನೂ ಬಹಳ ಕಾಲ ಬೇಕು. ಎರಡು, ರೈಲಿನ "ಮಂಜೂರಾತಿ"ಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಓಡುವ ರೈಲನ್ನು ಮಾತ್ರ ಹಿಡಿಯಿರಿ. ಕೆಂಗೇರಿಗೆ ಮೆಟ್ರೋ ಬಂದದ್ದು 2021ರ ಆಗಸ್ಟ್‌ನಲ್ಲಿ. ಆ ಮಾರ್ಗದ ಮಾತು ಅದಕ್ಕೆ ಎಷ್ಟೋ ವರ್ಷ ಮೊದಲಿಂದಲೂ ಪ್ರತಿ ಸೈಟಿನ ಜಾಹೀರಾತಿನಲ್ಲಿ ಇತ್ತು. ಆ ವರ್ಷಗಳಷ್ಟೂ ಕಂತು ಕಟ್ಟಿದವರು ನನ್ನ ಟೇಬಲ್ ಮುಂದೆ ಕೂತ ಜನ.

ಕಚೇರಿ ಬಂದರೂ ಸಾಲದು ಅನ್ನುವುದಕ್ಕೆ ನವ ರಾಯಪುರ ಇದೆ. ಛತ್ತೀಸ್‌ಗಢದ ಸಚಿವಾಲಯ 2012ರಲ್ಲಿ ಅಲ್ಲಿಗೆ ಹೋಯಿತು. ನೌಕರರು ಮಾತ್ರ ಹಳೇ ರಾಯಪುರದಲ್ಲೇ ಉಳಿದು ದಿನಾ ಬಸ್ಸಿನಲ್ಲಿ ಹೋಗಿ ಬರತೊಡಗಿದರು. ಮಕ್ಕಳ ಶಾಲೆ, ಹೆಂಡತಿಯ ಅಥವಾ ಗಂಡನ ಕೆಲಸ, ಅಪ್ಪ ಅಮ್ಮನ ಡಾಕ್ಟರ್ ಎಲ್ಲ ಹಳೇ ಊರಲ್ಲಿ. ಮನೆಯಲ್ಲಿ ಒಬ್ಬರ ಕೆಲಸದ ಜಾಗ ಬದಲಾದರೆ ಮನೆ ಬದಲಾಗುವುದಿಲ್ಲ.

ಬಾಗಲಕೋಟೆಯಲ್ಲಿ ನಾನು ನೋಡಿದ್ದು

ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ದೊಡ್ಡ ಭಾಗ ಮುಳುಗುತ್ತದೆ ಅಂತ 1983ರಲ್ಲಿ ಅಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಮಾಡಿ ಕೆಲವೇ ಕಿಲೋಮೀಟರ್ ಆಚೆ ನವನಗರ ಕಟ್ಟಿದರು. ಸೆಕ್ಟರ್ ಸೆಕ್ಟರ್ ಆಗಿ, ಅಗಲ ರಸ್ತೆ, ಗಿಡ, ಬಯಲು. ನಾನು ಅಲ್ಲಿಗೆ ವರ್ಗವಾಗಿ ಹೋದಾಗ ಇನ್ನೂ ಎಷ್ಟೋ ಸೆಕ್ಟರ್‌ಗಳಲ್ಲಿ ಜಾಲಿ ಗಿಡವೇ ಜಾಸ್ತಿ ಇತ್ತು.

ಇಲ್ಲಿಗೆ ಬಂದವರು ಆಸೆಪಟ್ಟು ಬಂದವರಲ್ಲ, ನೀರು ಬರುತ್ತದೆ ಅಂತ ಬಂದವರು. ಆದರೂ ಕಾಲು ಮಾತ್ರ ಹಳೇ ಊರಿನ ಕಡೆಗೇ ಎಳೆಯುತ್ತಿತ್ತು. ಹಳೇ ಊರಿನ ಎತ್ತರದ ಭಾಗ ಉಳಿದಿತ್ತು, ಬಜಾರೂ ಉಳಿದಿತ್ತು. ಸಂತೆಗೆ, ಬಟ್ಟೆಗೆ, ಬಂಗಾರಕ್ಕೆ ಅಲ್ಲಿಗೇ. ಹೋಳಿಯಲ್ಲಿ ಬಣ್ಣ ಆಡಲು, ಹಲಗೆ ಬಾರಿಸಲು ಅಲ್ಲಿಗೇ. ಬಾಗಲಕೋಟೆಯ ಹೋಳಿ ಅಂದರೆ ಸುಮ್ನೆ ಅಲ್ಲ, ದಿನಗಟ್ಟಲೆ ನಡೆಯುತ್ತದೆ. ಅದು ಇಕ್ಕಟ್ಟಾದ ಓಣಿಯಲ್ಲೇ ರಂಗೇರಬೇಕು. ಸೆಕ್ಟರ್ ರಸ್ತೆಯಲ್ಲಿ ಹಲಗೆ ಬಾರಿಸಿದರೆ ಸದ್ದು ಎಲ್ಲಿಗೋ ಹೋಗಿಬಿಡುತ್ತದೆ.

ಒಬ್ಬರು ಬಟ್ಟೆ ವ್ಯಾಪಾರಿ ನಮ್ಮ ಬ್ಯಾಂಕಿನ ಹಳೇ ಗ್ರಾಹಕರು. ಹಳೇ ಬಜಾರಿನಲ್ಲಿ ಅವರ ಅಂಗಡಿ ಮುಂದೆ, ಮನೆ ಹಿಂದೆ. ನವನಗರದಲ್ಲಿ ಹೊಸ ಅಂಗಡಿ ಹಾಕಲು ಸಾಲ ತಗೊಂಡರು. ತಪಾಸಣೆಗೆ ಅಂತ ಒಂದು ಮಧ್ಯಾಹ್ನ ಹೋದೆ. ಅಂಗಡಿ ಚೆನ್ನಾಗಿತ್ತು, ಗಾಜಿನ ಬಾಗಿಲು, ಹೊಸ ಕಪಾಟು, ಮಡಿಸಿಟ್ಟ ಇಳಕಲ್ ಸೀರೆ. ಯಜಮಾನರು ಎರಡು ಖಾತೆ ಪುಸ್ತಕ ತೆಗೆದು ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟರು. ಹಳೇ ಅಂಗಡಿ ಪುಸ್ತಕದಲ್ಲಿ ಆ ದಿನದ ಪುಟ ಅರ್ಧ ತುಂಬಿತ್ತು, ಹೊಸದರಲ್ಲಿ ಎರಡು ಸಾಲು. ಆಮೇಲೆ ಬಾಗಿಲಿಗೆ ಬಂದು ರಸ್ತೆ ತೋರಿಸಿದರು. "ರಸ್ತಾ ಭಾಳ ಅಗಲ ಐತ್ರೀ ಮೇಡಂ. ಆ ಕಡಿ ಹೊಂಟವಗ ಈ ಕಡಿ ಅಂಗಡಿ ಕಾಣಂಗಿಲ್ಲ. ಅಲ್ಲಿ ಆದ್ರ ಗಿರಾಕಿ ನಡಕೋತ ಬರತಾನ, ಎಂಟು ಅಂಗಡಿ ನೋಡತಾನ, ಒಂಬತ್ತನೇದಕ್ಕ ನಮ್ಮಲ್ಲಿ ಕೂಡತಾನ."

ನಗರ ಯೋಜನೆಯ ಬಗ್ಗೆ ಎಷ್ಟೋ ವರದಿ ಓದಿದ್ದೇನೆ. ಅಗಲ ರಸ್ತೆ ವ್ಯಾಪಾರಕ್ಕೆ ಹೇಗೆ ಹೊಡೆತ ಕೊಡುತ್ತದೆ ಅಂತ ಅವರಷ್ಟು ಸ್ಪಷ್ಟವಾಗಿ ಯಾವುದೂ ಹೇಳಿಲ್ಲ. ಹಳ್ಳಿಯಿಂದ ಬಸ್ಸಿಳಿದು ಬರುವ ಜನ ಇರುವುದು ಹಳೇ ಬಜಾರಿನಲ್ಲಿ. ಉದ್ರಿ ಕೊಡುವ ನಂಬಿಕೆ ಇರುವುದೂ ಅಲ್ಲಿ. ಹೊಸ ಜಾಗದಲ್ಲಿ ಯಾರು ಯಾರ ಮಗ ಅಂತ ಗೊತ್ತಾಗುವಷ್ಟರಲ್ಲಿ ವರ್ಷಗಳು ಹೋಗುತ್ತವೆ.

ನವನಗರದ ನಸೀಬು ತಿರುಗಿದ್ದು 1997ರಲ್ಲಿ. ಆ ವರ್ಷ ವಿಜಾಪುರದಿಂದ ಬೇರೆಯಾಗಿ ಬಾಗಲಕೋಟೆ ಜಿಲ್ಲೆ ಆಯಿತು. ಜಿಲ್ಲಾ ಕಚೇರಿಗಳು ನವನಗರಕ್ಕೆ ಬಂದವು. ಜೊತೆಗೆ ವರ್ಗವಾಗಿ ಬಂದ ನೌಕರರು. ಇವರು ಸೈಟು ಕೊಂಡವರಲ್ಲ, ಬಾಡಿಗೆ ಮನೆ ಹುಡುಕುವವರು. ನಾಳೆಯಿಂದಲೇ ಇರಬೇಕು, ಆಫೀಸಿಗೆ ಹತ್ತಿರ ಇರಬೇಕು. ಮನೆ ಕಟ್ಟಿಕೊಂಡಿದ್ದವರು ಮುಂದಿನ ಎರಡು ಕೋಣೆ ಬಿಟ್ಟುಕೊಟ್ಟರು. ನಮ್ಮ ಶಾಖೆಯ ಹತ್ತಿರವೇ ಒಬ್ಬ ಹೆಣ್ಣುಮಗಳು ಮನೆ ಮುಂದಿನ ಪಡಸಾಲೆಯಲ್ಲಿ ಖಾನಾವಳಿ ಇಟ್ಟರು. ರೊಟ್ಟಿ, ಎಣ್ಣೆಗಾಯಿ, ಹಿಟ್ಟಿನ ಪಲ್ಯ, ಗುರೆಳ್ಳು ಚಟ್ನಿ. ಮೊದಮೊದಲು ಬರೀ ಆಫೀಸಿನ ಒಂಟಿ ಗಂಡಸರು. ಆಮೇಲೆ ಕಚೇರಿ ಕೆಲಸಕ್ಕೆ ಅಂತ ಹಳ್ಳಿಯಿಂದ ಬಂದವರೂ ಅಲ್ಲೇ ಉಣ್ಣತೊಡಗಿದರು. ಖಾನಾವಳಿ ಪಕ್ಕ ಜೆರಾಕ್ಸ್ ಅಂಗಡಿ, ಅದರ ಪಕ್ಕ ಪಾನ್ ಡಬ್ಬಿ, ಆಮೇಲೆ ಇಸ್ತ್ರಿಯವನು. ಬಟ್ಟೆ ಅಂಗಡಿಯ ಯಜಮಾನರ ಹೊಸ ಪುಸ್ತಕವೂ ನಿಧಾನಕ್ಕೆ ತುಂಬತೊಡಗಿತು.

ಹೊಸ ಊರನ್ನು ಮೊದಲು ತುಂಬುವವರು ಸೈಟಿನ ಮಾಲೀಕರಲ್ಲ, ಬಾಡಿಗೆದಾರರು. ಈ ಮಾತು ನೆನಪಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಸೈಟು ಇದ್ದವರು ಯಾಕೆ ಹೋಗುವುದಿಲ್ಲ: ಒಂದು ಲೆಕ್ಕ

ಜನ ಸೋಮಾರಿಗಳು, ಊರಿನ ಬಗ್ಗೆ ಪ್ರೀತಿ ಇಲ್ಲ ಅಂತ ಬೈಯುವುದನ್ನು ಕೇಳಿದ್ದೇನೆ. ಹಾಗಲ್ಲ. ಅವರ ಲೆಕ್ಕ ಕೂತು ಹಾಕಿ ನೋಡಿ.

ಒಬ್ಬರು 40 ಲಕ್ಷ ಸಾಲ ಮಾಡಿ ಸೈಟು ತಗೊಂಡರು ಅಂತಿಟ್ಟುಕೊಳ್ಳಿ. ಬಡ್ಡಿ 9%, ಅವಧಿ 20 ವರ್ಷ. ಕಂತು ತಿಂಗಳಿಗೆ ಸುಮಾರು 36,000 ರೂಪಾಯಿ. ಈಗಿರುವ ಮನೆಗೆ ಬಾಡಿಗೆ 18,000. ಒಟ್ಟು 54,000 ಹೋಗುತ್ತಿದೆ. ಸೈಟಿನಲ್ಲಿ ಸಣ್ಣ ಮನೆ ಕಟ್ಟಲು ಇನ್ನು 25 ಲಕ್ಷ ಸಾಲ ಬೇಕು. ಅದರ ಕಂತು 22,500. ಬಾಡಿಗೆ ಉಳಿಯುತ್ತದೆ, ಆದರೂ ಒಟ್ಟು 58,500 ಆಯಿತು. ಅದರ ಮೇಲೆ ಮಕ್ಕಳ ಶಾಲೆ ವ್ಯಾನು, ಆಫೀಸಿಗೆ ದೂರದ ಓಡಾಟ, ನೀರಿನ ಟ್ಯಾಂಕರ್. ಹಳೇ ತೆರಿಗೆ ಪದ್ಧತಿಯಲ್ಲಿ ಸಿಗುವ ಬಡ್ಡಿ ವಿನಾಯಿತಿಯೂ ಖಾಲಿ ಸೈಟಿಗೆ ಇಲ್ಲ, ಮನೆ ಮುಗಿದ ಮೇಲೆಯೇ. ಅಂದರೆ ಅಲ್ಲಿಗೆ ಹೋದರೆ ಖರ್ಚು ಜಾಸ್ತಿ, ಅನುಕೂಲ ಕಮ್ಮಿ. ಕಟ್ಟದೆ ಕಾಯುತ್ತಾರೆ. ಅವರ ಅಕ್ಕಪಕ್ಕದ ಸೈಟಿನವರೂ ಇದೇ ಲೆಕ್ಕ ಹಾಕಿ ಕಾಯುತ್ತಾರೆ.

ಇನ್ನೊಂದು ಗುಂಪು ಸೈಟನ್ನು ಬಂಗಾರದ ಹಾಗೆ ಎತ್ತಿಟ್ಟವರು. ಮಗಳ ಮದುವೆಗೆ, ಮಗನ ಓದಿಗೆ, ಮುಪ್ಪಿಗೆ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ಪಿಂಚಣಿ ಇಲ್ಲದ ಜನಕ್ಕೆ ಬೇರೆ ಏನಿದೆ? ಆದರೆ ಒಂದು ಬೀದಿಯಲ್ಲಿ ಎಲ್ಲರೂ ಎತ್ತಿಟ್ಟರೆ ಅಲ್ಲಿ ಬೀದಿಯೇ ಇರುವುದಿಲ್ಲ. ಬೆಲೆ ಏರುತ್ತಾ ಹೋಗುತ್ತದೆ, ಏರಿದಷ್ಟೂ ನಿಜವಾಗಿ ಬಾಳಲು ಬೇಕಾದವರಿಗೆ ಸಿಗದೆ ಹೋಗುತ್ತದೆ. ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆ ನಡುವಿನ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ 2016ರಿಂದ ಸೈಟು ಹಂಚಿದ್ದಾರೆ. ಇವತ್ತಿಗೂ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಈಜಿಪ್ಟ್‌ನಲ್ಲಿ 1970ರ ದಶಕದಿಂದ ಮರುಭೂಮಿಯಲ್ಲಿ ಒಂದರ ಮೇಲೊಂದು ಹೊಸ ನಗರ ಕಟ್ಟುತ್ತಾ ಬಂದಿದ್ದಾರೆ. ಅಲ್ಲೂ ಇದೇ ಕಥೆ: ಫ್ಲ್ಯಾಟ್ ಮಾರಾಟವಾಗಿದೆ, ಬೀಗ ಬಿದ್ದಿದೆ, ಜನ ಕೈರೋದಲ್ಲೇ ಒತ್ತಿಕೊಂಡಿದ್ದಾರೆ.

ಹಾಗಾಗಿ ಬೆಲೆ ಏರಿದೆ ಅಂದರೆ ಊರು ಬೆಳೆಯುತ್ತಿದೆ ಅಂತ ತಿಳಿಯಬೇಡಿ. ಬಾಡಿಗೆ ಕೇಳಿ. ವರ್ಷದ ಬಾಡಿಗೆಯನ್ನು ಮನೆಯ ಬೆಲೆಗೆ ಹೋಲಿಸಿ. ಬೆಂಗಳೂರಿನ ತುಂಬಿದ ಬಡಾವಣೆಗಳಲ್ಲಿ ನೂರಕ್ಕೆ ಮೂರು ರೂಪಾಯಿ ಆಸುಪಾಸು ಸಿಗುತ್ತದೆ. ನೀವು ನೋಡುತ್ತಿರುವ ಜಾಗದಲ್ಲಿ ಒಂದು, ಒಂದೂವರೆ ಮಾತ್ರ ಸಿಗುತ್ತಿದ್ದರೆ ಅಲ್ಲಿ ಬೆಲೆ ಕಟ್ಟುತ್ತಿರುವವರು ಬಾಳುವವರಲ್ಲ.

ಹೋಗಿ ನೋಡುವುದು ಹೇಗೆ

ಭಾನುವಾರ ಹೋಗಬೇಡಿ. ಭಾನುವಾರ ಸೈಟು ನೋಡುವವರ ಕಾರುಗಳೇ ತುಂಬಿ ಊರು ಜೀವಂತ ಕಾಣುತ್ತದೆ. ವಾರದ ನಡುವೆ ಹೋಗಿ, ಬೆಳಗ್ಗೆ ಆರಕ್ಕೆ ಒಮ್ಮೆ, ರಾತ್ರಿ ಎಂಟರ ಮೇಲೆ ಒಮ್ಮೆ. ನಿಮ್ಮ ಕಾರು, ಬೈಕು ಬಿಟ್ಟು ಬಸ್ಸಿನಲ್ಲಿ ಹೋಗಿ. ಬಸ್ಸಿನಲ್ಲಿ ಹೋಗಲು ಆಗಲಿಲ್ಲ ಅಂದರೆ ಅರ್ಧ ಉತ್ತರ ಆಗಲೇ ಸಿಕ್ಕಿತು.

ಬೆಳಗ್ಗೆ ಮೊದಲು ಹಾಲಿನ ಬೂತಿಗೆ ಹೋಗಿ ನಿಲ್ಲಿ. ಸರ್ವೇ ಮಾಡುವ ಯಾವ ಕಂಪನಿಗಿಂತಲೂ ಹಾಲಿನವರಿಗೆ ಊರು ಗೊತ್ತು. ಎಷ್ಟು ಕ್ರೇಟು ಇಳಿಯುತ್ತದೆ, ಹೋದ ವರ್ಷ ಎಷ್ಟು ಇಳಿಯುತ್ತಿತ್ತು ಅಂತ ಕೇಳಿ. ಎಷ್ಟು ಅನ್ನುವುದಕ್ಕಿಂತ ಏರುತ್ತಿದೆಯಾ ಅನ್ನುವುದು ಮುಖ್ಯ. ಅರ್ಧ ಲೀಟರ್ ಪ್ಯಾಕೆಟ್ ಜಾಸ್ತಿ ಹೋಗುತ್ತದಾ, ಒಂದು ಲೀಟರಿನದಾ ಅಂತಲೂ ಕೇಳಿ. ದೊಡ್ಡ ಪ್ಯಾಕೆಟ್ ಜಾಸ್ತಿ ಹೋದರೆ ಮಕ್ಕಳಿರುವ ಸಂಸಾರಗಳು ಬಂದಿವೆ ಅಂತ ಅರ್ಥ. ಬೂತೇ ಇಲ್ಲದಿದ್ದರೆ, ಹಾಲಿಗೆ ಜನ ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿ ಅಲ್ಲಿಯವರೆಗೆ ನಡೆದು ನೋಡಿ. ಅಷ್ಟು ದೂರ ಮಳೆಗಾಲದಲ್ಲೂ ನಡೆಯಬೇಕು.

ಆಮೇಲೆ ಇಸ್ತ್ರಿ ಗಾಡಿ ಹುಡುಕಿ. ಇದನ್ನು ನಾನು ಬಹಳ ನಂಬುತ್ತೇನೆ. ಇಸ್ತ್ರಿಯವರು ಭರವಸೆ ಮೇಲೆ ಎಲ್ಲೂ ಗಾಡಿ ನಿಲ್ಲಿಸುವುದಿಲ್ಲ. ದಿನಕ್ಕೆ ಇಷ್ಟು ಬಟ್ಟೆ ಬರುತ್ತದೆ ಅಂತ ಖಾತ್ರಿಯಾದರೆ ಮಾತ್ರ ನಿಲ್ಲುತ್ತಾರೆ. ಅವರ ಹತ್ತಿರ ಬರುವುದು ಯೂನಿಫಾರ್ಮಾ, ಆಫೀಸ್ ಶರ್ಟಾ ಅಂತ ನೋಡಿದರೆ ಯಾರು ಬಂದು ಸೇರಿದ್ದಾರೆ ಅಂತ ಗೊತ್ತಾಗುತ್ತದೆ.

ರಾತ್ರಿ ಹೋದಾಗ ಕಿಟಕಿಯ ಬೆಳಕು ನೋಡಿ. ಬೀದಿ ದೀಪ ಲೆಕ್ಕಕ್ಕಿಲ್ಲ. ಕಟ್ಟಿ ಮುಗಿದ ಮನೆಗಳಲ್ಲಿ ಎಷ್ಟರಲ್ಲಿ ಬೆಳಕಿದೆ? ರಾತ್ರಿ ಒಂಬತ್ತಕ್ಕೆ ಮೆಡಿಕಲ್ ಶಾಪ್ ತೆರೆದಿದೆಯಾ? ಹತ್ತು ಹನ್ನೆರಡು ವರ್ಷದ ಮಗು ಒಂದೇ ನಡೆದು ಹೋಗಿ ಪೆನ್ನೋ ಬ್ರೆಡ್ಡೋ ತರಬಹುದಾ? ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳು ಸ್ಟಾಪಿನಿಂದ ಮನೆಗೆ ನಡೆಯುವ ದಾರಿಯನ್ನು ನೀವೇ ಒಮ್ಮೆ ನಡೆಯಿರಿ. ಬೀದಿನಾಯಿ, ಪೊದೆ, ಕತ್ತಲು ಎಲ್ಲ ಕಾಣುತ್ತದೆ. ಖಾಲಿ ಸೈಟು ಇದ್ದಷ್ಟೂ ಇವು ಇರುತ್ತವೆ. ಹಾಗಾಗಿ ಮೊದಲು ಬಂದ ಮನೆಗಳಿಗೆ ಕಷ್ಟ ಜಾಸ್ತಿ, ಅದಕ್ಕೇ ಯಾರೂ ಮೊದಲು ಬರಲು ಒಪ್ಪುವುದಿಲ್ಲ.

ನೀರಿನ ಬಗ್ಗೆ ಮಾಲೀಕರನ್ನು ಕೇಳಬೇಡಿ, ಟ್ಯಾಂಕರ್ ಡ್ರೈವರ್‌ನ ಕೇಳಿ. ಏಪ್ರಿಲ್‌ನಲ್ಲಿ ಈ ಬೀದಿಗೆ ವಾರಕ್ಕೆ ಎಷ್ಟು ಲೋಡು, ಎಷ್ಟು ರೂಪಾಯಿ? ಒಂದೇ ಪ್ರಶ್ನೆ ಸಾಕು.

ಶಾಲೆಯ ವಿಷಯದಲ್ಲಿ ಸ್ವಲ್ಪ ಎಚ್ಚರ. ಹೊಸ ಟೌನ್‌ಶಿಪ್‌ನಲ್ಲಿ ದೊಡ್ಡ ಹೆಸರಿನ ದುಬಾರಿ ಶಾಲೆ ಇರುತ್ತದೆ, ಮಕ್ಕಳೆಲ್ಲ ಹಳದಿ ಬಸ್ಸಿನಲ್ಲಿ ಹೊರಗಿನಿಂದ ಬರುತ್ತಾರೆ. ಅದು ಊರನ್ನು ತುಂಬುವುದಿಲ್ಲ. ನಡೆದು ಬರುವ ಮಕ್ಕಳಿರುವ ಶಾಲೆ ತುಂಬುತ್ತದೆ. ಚೀನಾದ ಓರ್ಡೋಸ್‌ನಲ್ಲಿ ಕಾಂಗ್‌ಬಾಶಿ ಅನ್ನುವ ಹೊಸ ನಗರ ಖಾಲಿ ಊರು ಅಂತ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಹಳೇ ಊರಿನ ಹೆಸರಾಂತ ಶಾಲೆಗಳನ್ನು ಅಲ್ಲಿಗೆ ಒಯ್ದ ಮೇಲೆ ಮಕ್ಕಳ ಹಿಂದೆ ಅಪ್ಪ ಅಮ್ಮ ಬಂದರು. ವಿದ್ಯಾಗಿರಿಯನ್ನೇ ನೋಡಿ: ಹಳೇ ಬಾಗಲಕೋಟೆಗೂ ನವನಗರಕ್ಕೂ ನಡುವೆ ಇದೆ, ಕಾಲೇಜುಗಳ ಜಾಗ. ಅಲ್ಲಿ ರೂಮು ಖಾಲಿ ಇದ್ದದ್ದು ನಾನು ನೋಡಿಲ್ಲ.

ಸೈಟು ಆಗಲೇ ಇದ್ದರೆ

ಎಷ್ಟೋ ಜನರ ಸ್ಥಿತಿ ಇದು. ಸೈಟು ಇದೆ, ಹೋಗಲು ಮನಸ್ಸಿಲ್ಲ, ಮಾರಲೂ ಮನಸ್ಸಿಲ್ಲ. ನೀವು ಹೋಗದಿದ್ದರೂ ಬೇರೆಯವರು ಬಂದು ಇರುವ ಹಾಗೆ ಮಾಡಬಹುದು.

ಡ್ಯೂಪ್ಲೆಕ್ಸ್ ಕನಸು ಸದ್ಯಕ್ಕೆ ಬಿಡಿ. ನಕ್ಷೆ ಮಂಜೂರು ಮಾಡಿಸಿಕೊಂಡು ನೆಲಮಹಡಿ ಮಾತ್ರ ಕಟ್ಟಿ, ಎರಡು ಸಣ್ಣ ಮನೆ, ಒಂದೊಂದಕ್ಕೆ ಒಂದು ಕೋಣೆ, ಅಡುಗೆಮನೆ, ಬಚ್ಚಲು. ಮೇಲೆ ಕಟ್ಟಲು ಆಗುವ ಹಾಗೆ ಪಾಯ ಹಾಕಿಸಿ. ಆ ಮನೆಗೆ ಬರುವವರು ಅಲ್ಲೇ ಕೆಲಸ ಮಾಡುವವರು: ನರ್ಸು, ಶಾಲೆ ಆಯಾ, ಡ್ರೈವರ್, ಮೆಟ್ರೋ ಕೆಲಸದ ಸೂಪರ್‌ವೈಸರ್, ಹೊಸ ಕಟ್ಟಡಗಳ ಮೇಸ್ತ್ರಿ. ಮೊದಲ ವರ್ಷ ಬಾಡಿಗೆ ಕಮ್ಮಿ ಇಡಿ. ನೀರಿಗೆ ಸಂಪು ದೊಡ್ಡದು ಮಾಡಿಸಿ.

ಯಾರಿಗೆ ಕೊಡುತ್ತೀರಿ ಅನ್ನುವುದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಾಂಸ ತಿನ್ನುವವರಿಗೆ ಇಲ್ಲ, ಬ್ಯಾಚುಲರ್‌ಗಳಿಗೆ ಇಲ್ಲ, ಒಂಟಿ ಹೆಂಗಸಿಗೆ ಇಲ್ಲ, ಆ ಜಾತಿಗೆ ಇಲ್ಲ, ಈ ಧರ್ಮಕ್ಕೆ ಇಲ್ಲ ಅನ್ನುವ ಬೋರ್ಡು ಬಾಯಲ್ಲೇ ಹಿಡಿದುಕೊಂಡು, ಬಡಾವಣೆಗೆ ಜನ ಬರುತ್ತಿಲ್ಲ ಅಂದರೆ ಹೇಗೆ? ಊರು ಮೊದಲು ತುಂಬುವುದೇ ಇಂಥವರಿಂದ. ಬ್ರೆಜಿಲ್ ದೇಶದ ಹೊಸ ರಾಜಧಾನಿ ಬ್ರೆಸಿಲಿಯಾ 1960ರಲ್ಲಿ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ ಕೂಲಿಯವರಿಗೆ ನಕ್ಷೆಯಲ್ಲಿ ಜಾಗವೇ ಇರಲಿಲ್ಲ. ಟಾಗ್ವಾಟಿಂಗಾ ಅನ್ನುವ ಅವರ ಊರು 1958ರಲ್ಲೇ, ಅಂದರೆ ರಾಜಧಾನಿಗಿಂತ ಮೊದಲೇ, ಹೊರಗೆ ಹುಟ್ಟಿಕೊಂಡಿತು. ಅಡುಗೆ, ಸ್ವಚ್ಛತೆ, ತರಕಾರಿ, ರಿಪೇರಿ ಎಲ್ಲಕ್ಕೂ ಜನ ಬೇಕು, ಅವರಿಗೆ ಹತ್ತಿರದಲ್ಲಿ ಮನೆ ಮಾತ್ರ ಬೇಡ ಅಂದರೆ ಊರು ನಡೆಯುವುದಿಲ್ಲ. ನಿಮ್ಮ ಬಡಾವಣೆಯಲ್ಲಿ ಸೊಪ್ಪಿನ ಗಾಡಿಯವರನ್ನು ಇಲ್ಲಿಂದ ಓಡಿಸಿಬಿಡಬೇಕು ಅಂತ ಯಾರಾದರೂ ಮೀಟಿಂಗ್‌ನಲ್ಲಿ ಎದ್ದು ನಿಂತರೆ ದಯವಿಟ್ಟು ವಿರೋಧಿಸಿ. ಆ ಗಾಡಿ ನಿಮ್ಮ ಸೈಟಿನ ಬೆಲೆ ಕಾಯುತ್ತಿದೆ.

ಕಟ್ಟಲು ಹಣ ಇಲ್ಲದಿದ್ದರೆ ಸೈಟನ್ನು ಕನಿಷ್ಠ ಸ್ವಚ್ಛ ಇಡಿ. ಪೊದೆ ಕಡಿಸಿ, ಬೇಲಿ ಹಾಕಿ, ಪಕ್ಕದ ಮನೆಯವರಿಗೆ ನಿಮ್ಮ ಫೋನ್ ನಂಬರ್ ಕೊಡಿ. ನಿಮ್ಮ ಸೈಟಿನಲ್ಲಿ ಹಾವು ಬಂದರೆ ಅವರು ಯಾರಿಗೆ ಹೇಳಬೇಕು?

ಸಂಘದ ಮೀಟಿಂಗ್‌ನಲ್ಲಿ ಮೊದಲು ಕೇಳಬೇಕಾದ್ದು

ಹೊಸ ಬಡಾವಣೆಯ ಸಂಘಗಳು ಮೊದಲು ಕಮಾನು ಕಟ್ಟುತ್ತವೆ, ಆಮೇಲೆ ಸಿಸಿಟಿವಿ, ಆಮೇಲೆ ದೇವಸ್ಥಾನ. ದೇವಸ್ಥಾನ ಬೇಡ ಅನ್ನುವುದಿಲ್ಲ. ಸಂಜೆ ನಾಲ್ಕು ಜನ ಸೇರುವ ಜಾಗ ಅದು, ಊರಿಗೆ ಬೇಕು. ಆದರೆ ಎಲ್ಲಕ್ಕಿಂತ ಮೊದಲು ಬಸ್ಸು ಕೇಳಿ. 1898ರ ಪ್ಲೇಗಿನ ಹೊತ್ತಿಗೆ ಹುಟ್ಟಿದ ಬಸವನಗುಡಿ, ಮಲ್ಲೇಶ್ವರ ತುಂಬಿದ್ದು ಪೇಟೆಗೆ ನಡೆದೋ ಜಟಕಾದಲ್ಲೋ ಹೋಗಿ ಬರಲು ಆಗುತ್ತಿತ್ತು ಅಂತ. ಈಗಿನ ಬಡಾವಣೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ. ಬಸ್ಸಿಲ್ಲದೆ ಬಾಡಿಗೆದಾರ ಬರುವುದಿಲ್ಲ.

ಕೇಳುವ ರೀತಿ ಇದೆ. "ನಮ್ಮ ಬಡಾವಣೆಗೆ ಬಸ್ ಸೌಲಭ್ಯ ಕಲ್ಪಿಸಬೇಕು" ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ ಫೈಲಿನಲ್ಲಿ ಮಲಗುತ್ತದೆ. ಹೊಸ ಮಾರ್ಗ ಕೇಳಬೇಡಿ, ಹತ್ತಿರದ ಸ್ಟಾಪಿನಲ್ಲಿ ಮುಗಿಯುವ ಬಸ್ಸನ್ನು ಎರಡು ಕಿಲೋಮೀಟರ್ ಮುಂದಕ್ಕೆ ತನ್ನಿ ಅಂತ ಕೇಳಿ. ಇಡೀ ದಿನ ಕೇಳಬೇಡಿ. ಬೆಳಗ್ಗೆ ಆರೂವರೆಗೆ ಒಂದು, ಎಂಟಕ್ಕೆ ಒಂದು, ಸಂಜೆ ಆರೂವರೆಗೆ ಒಂದು, ರಾತ್ರಿ ಒಂಬತ್ತೂವರೆಗೆ ಒಂದು, ಇಷ್ಟೇ ಕೇಳಿ. ಆದರೆ ಸಮಯ ತಪ್ಪಬಾರದು ಅಂತ ಕೇಳಿ. ದಿನಕ್ಕೆ ಹತ್ತು ಸಲ ಯಾವಾಗಲೋ ಬರುವ ಬಸ್ಸಿಗಿಂತ ನಾಲ್ಕು ಸಲ ಗಡಿಯಾರದ ಪ್ರಕಾರ ಬರುವ ಬಸ್ಸು ಮೇಲು. ವಿದ್ಯಾರ್ಥಿ ಪಾಸ್ ಇರುವ ಮಕ್ಕಳ ಪಟ್ಟಿ, ಕೆಲಸಕ್ಕೆ ಹೋಗುವ ಹೆಂಗಸರ ಪಟ್ಟಿ, ಮನೆಗೆಲಸಕ್ಕೆ ಹೊರಗಿನಿಂದ ಬರುವವರ ಪಟ್ಟಿ ಬೇರೆ ಬೇರೆ ಮಾಡಿ. ಯಾರು ಯಾವ ಹೊತ್ತಿಗೆ ಎಲ್ಲಿಗೆ ಅಂತ ಪಕ್ಕದಲ್ಲಿ ಬರೆಯಿರಿ. ಶುರುವಾದ ಮೇಲೆ ಮೊದಲ ಮೂರು ತಿಂಗಳು ಕಾರಿದ್ದವರೂ ವಾರಕ್ಕೆ ಎರಡು ದಿನ ಅದರಲ್ಲಿ ಹೋಗಿ. ಟಿಕೆಟ್ ಲೆಕ್ಕ ನೋಡಿಯೇ ಬಸ್ಸು ಇಡುವುದು, ತೆಗೆಯುವುದು.

ಅರ್ಜಿ ಜೊತೆ ಒಂದು ಕೈನಕ್ಷೆ ಇಡಿ. ಬಸ್ಸು ತಿರುಗಲು ಜಾಗ ಎಲ್ಲಿದೆ, ಎಷ್ಟು ಅಡಿ ಅಗಲ ಇದೆ, ಮೇಲೆ ತಗ್ಗಿ ಹೋದ ವೈರ್ ಇದೆಯಾ, ರಾತ್ರಿ ಡ್ರೈವರ್ ಮತ್ತು ಕಂಡಕ್ಟರ್‌ಗೆ ಬಳಸಲು ಶೌಚಾಲಯ ಎಲ್ಲಿದೆ, ಎಲ್ಲ ಅದರಲ್ಲಿ ಗುರುತು ಮಾಡಿ. ಡಿಪೋದವರು ಕೇಳಲಿ ಅಂತ ಕಾಯದೆ ಮೊದಲ ದಿನವೇ ಕೈಗೆ ಕೊಡಿ.